ಎದೋದ ಬಿಳಿ ದಂಟು, ಕ್ಯೋಟೋದ ಹಸಿರೆಲೆ

ಜಪಾನಿನಲ್ಲಿ ನೆಗಿ ಎಂಬ ಸೊಪ್ಪಿನ ಈರುಳ್ಳಿಯನ್ನು ಪೂರ್ವದವರು ತಿನ್ನುವ ಬಗೆ ಒಂದು, ಪಶ್ಚಿಮದವರು ತಿನ್ನುವ ಬಗೆ ಇನ್ನೊಂದು. ಟೋಕಿಯೋ ಸುತ್ತಮುತ್ತ ಬೆಲೆಯಿರುವುದು ನೆಲದೊಳಗೆ ಬೆಳೆದ ಉದ್ದನೆಯ ಬಿಳಿ ದಂಟಿಗೆ. ಕ್ಯೋಟೋ, ಒಸಾಕಾಗಳಲ್ಲಿ ಮೆತ್ತಗಿನ ಹಸಿರೆಲೆಗೆ. ನಮ್ಮ ಸಂತೆಗಳಲ್ಲಿ ಕಟ್ಟು ಕಟ್ಟಿ ಮಾರುವ ಈರುಳ್ಳಿ ಸೊಪ್ಪು ಹೆಚ್ಚಾಗಿ ಗಡ್ಡೆ ಈರುಳ್ಳಿಯನ್ನೇ ಎಳೆಯದಾಗಿದ್ದಾಗ ಕಿತ್ತದ್ದು. ನೆಗಿಯ ಜಾತಿಯೇ ಬೇರೆ. ಚೀನಾದ ಕಡೆಯಿಂದ ಬಂದ ಈ ಗಿಡ ಎಷ್ಟು ದಿನ ಬಿಟ್ಟರೂ ದುಂಡನೆಯ ಗಡ್ಡೆ ಕಟ್ಟುವುದಿಲ್ಲ. ಕ್ರಿ.ಶ. 720ರಲ್ಲಿ ಮುಗಿದ 'ನಿಹೋನ್ ಶೋಕಿ' ಚರಿತ್ರೆಯಲ್ಲೇ ಇದರ ಮಾತು ಬರುತ್ತದೆ. ಪೂರ್ವ-ಪಶ್ಚಿಮಗಳ ಈ ಭೇದಕ್ಕೆ ನಾಲಿಗೆಯ ರುಚಿಯೇ ಕಾರಣ ಎನ್ನುವವರಿದ್ದಾರೆ. ರುಚಿ ಆಮೇಲೆ ಹುಟ್ಟಿತು ಎಂಬುದು ನನ್ನ ವಾದ. ಮೊದಲು ಆರಿಸಿದ್ದು ಚಳಿ ಮತ್ತು ಮಣ್ಣು. ಆ ಆಯ್ಕೆಯನ್ನು ವರ್ಷದಿಂದ ವರ್ಷಕ್ಕೆ ಬೀಜವಾಗಿ ಕಾದಿಟ್ಟದ್ದು ಬೆಳೆಗಾರರ ಮನೆ.

ಐತಿಹ್ಯದ ಪ್ರಕಾರ ಎರಡೂ ಕಡೆಯ ನೆಗಿಗೆ ತವರು ಒಂದೇ, ಇಂದಿನ ಒಸಾಕಾ ಇರುವ ನಾನಿವಾ. ಅಲ್ಲಿಂದ 711ರಲ್ಲಿ ಕ್ಯೋಟೋ ಸೀಮೆಗೆ ಬಂದದ್ದು ಕುಜೋ ನೆಗಿಯಾಯಿತಂತೆ. 16ನೆಯ ಶತಮಾನದ ಕೊನೆಗೆ ಒಸಾಕಾ ಕಡೆಯ ಒಕ್ಕಲುಗಳು ಬೀಜ ಹೊತ್ತು ಪೂರ್ವಕ್ಕೆ ಬಂದು, ಇಂದು ಟೋಕಿಯೋದೊಳಗೆ ಸೇರಿಹೋಗಿರುವ ಸುನಾಮುರಾದಲ್ಲಿ ಬಿತ್ತಿದರು. ಅಲ್ಲಿನ ಹೆಪ್ಪುಗಟ್ಟಿಸುವ ಚಳಿಗೆ ಎಲೆಗಳು ಸುಟ್ಟಂತಾದವು. ಮಣ್ಣಿನೊಳಗಿದ್ದ ಬಿಳಿ ಭಾಗ ಮಾತ್ರ ಉಳಿಯಿತು, ತಿಂದರೆ ಸಿಹಿಯಾಗಿತ್ತು. ಅಂದಿನಿಂದ ಬುಡಕ್ಕೆ ಮಣ್ಣು ಏರಿಸುವ ಪದ್ಧತಿ ಬಂತು ಎಂದು ಹೇಳುತ್ತಾರೆ. ಇದು ಕಥೆ, ದಾಖಲೆಯಲ್ಲ ಎಂದು ಯಾರಾದರೂ ತಳ್ಳಿಹಾಕಬಹುದು. ನಿಜ, ಇಸವಿಗಳನ್ನು ನಾನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಆದರೆ ಕಥೆ ಹೇಳುವ ಕಾರಣಕ್ಕೆ ಗಿಡವೇ ಸಾಕ್ಷಿ ನುಡಿಯುತ್ತದೆ. ತೋಟಗಾರಿಕಾ ತಜ್ಞರು ನೆಗಿಯನ್ನು ಮುಖ್ಯವಾಗಿ ಮೂರು ಗುಂಪು ಮಾಡುತ್ತಾರೆ. ಚಳಿಗಾಲ ಬಂದೊಡನೆ ಬೆಳವಣಿಗೆ ನಿಲ್ಲಿಸಿ ಮಲಗುವ ಕಾಗಾ ಗುಂಪು ಶೀತ ಪ್ರದೇಶದ್ದು. ಚಳಿಯಲ್ಲೂ ಎಲೆ ಹೊರಡಿಸುವ ಕುಜೋ ಗುಂಪು ಬೆಚ್ಚನೆಯ ಪಶ್ಚಿಮದ್ದು. ಎದೋ ನಗರದ, ಅಂದರೆ ಹಳೆಯ ಟೋಕಿಯೋದ, ಸೆಂಜು ಗುಂಪಿನ ಗುಣ ಇವೆರಡರ ನಡುವಿನದು. ಹಾಗಾಗಿ ಎದೋದ ನೆಗಿಯಲ್ಲಿ ಒಸಾಕಾದ ರಕ್ತವಷ್ಟೇ ಅಲ್ಲ, ಉತ್ತರದ ನೆಗಿಯ ಬೆರಕೆಯೂ ಇದ್ದೀತು ಎಂದು ಊಹಿಸಲು ಎಡೆಯಿದೆ. ತವರು ಒಂದಾಗಲಿ ಎರಡಾಗಲಿ, ತಳಿಗಳನ್ನು ಬೇರ್ಪಡಿಸಿದ ಗೆರೆ ಮಾತ್ರ ಚಳಿಯದೇ.

ಮಣ್ಣಿನ ಪಾಲೂ ಕಡಿಮೆಯಲ್ಲ. ಟೋಕಿಯೋ ಸುತ್ತಲಿನ ಕಾಂಟೋ ಬಯಲಿನ ಮೇಲೆ ಜ್ವಾಲಾಮುಖಿಯ ಬೂದಿಯಿಂದಾದ ಸಡಿಲ ಮಣ್ಣು ಆಳವಾಗಿ ಹರಡಿದೆ. ಅಲ್ಲಿ ಸಾಲು ತೋಡಿ ಸಸಿ ನೆಟ್ಟು, ದಂಟು ಮೇಲೆದ್ದಂತೆ ಹಂತ ಹಂತವಾಗಿ ಮಣ್ಣು ಏರಿಸುತ್ತ ಹೋದರೆ ಮೊಳದುದ್ದದ ಬಿಳಿ ದಂಟು ದಕ್ಕುತ್ತದೆ. ಅಂಟಾದ ಜಿಗುಟು ಮಣ್ಣಿನಲ್ಲಿ ಅಥವಾ ನೀರು ಮೇಲೆಯೇ ನಿಲ್ಲುವ ನೆಲದಲ್ಲಿ ಈ ಕೆಲಸ ಆಗದು, ದಂಟು ಕೊಳೆಯುತ್ತದೆ. ಸೆಂಡೈ ನಗರದ ಬಳಿಯ ಬಾಗಿದ ನೆಗಿ ಇದಕ್ಕೆ ನನಗೆ ಬಲು ಮೆಚ್ಚಿನ ಪುರಾವೆ. ಅಲ್ಲಿ ಅಂತರ್ಜಲ ಮೇಲೆಯೇ ಇದ್ದು ಆಳಕ್ಕೆ ತೋಡುವಂತಿರಲಿಲ್ಲ, ಆದರೆ ಬಿಳಿ ದಂಟು ಬೇಕಿತ್ತು. ಬೆಳೆಗಾರರು ಬೆಳೆದ ಗಿಡವನ್ನು ಕಿತ್ತು, ಓರೆಯಾಗಿ ಮಲಗಿಸಿ, ಮೇಲೆ ಮಣ್ಣು ಹೊದಿಸಿದರು. ಮಲಗಿದ ಗಿಡ ಬೆಳಕಿನತ್ತ ತಲೆಯೆತ್ತುವಾಗ ದಂಟು ಬಿಲ್ಲಿನಂತೆ ಬಾಗಿತು, ಸಿಹಿಯೂ ಹೆಚ್ಚಿತು. ಊರಿನ ನೆಲ ಒಡ್ಡಿದ ಅಡ್ಡಿಯೇ ಆ ಊರಿನ ತರಕಾರಿಯ ಹೆಗ್ಗುರುತಾಯಿತು.

ಹಾಗಿದ್ದರೆ ಇದೆಲ್ಲ ಬೇಸಾಯದ ಕೈಚಳಕವೇ ಹೊರತು ತಳಿಯ ಮಾತಲ್ಲ, ಯಾವ ಬೀಜಕ್ಕಾದರೂ ಮಣ್ಣು ಏರಿಸಿದರೆ ಬಿಳಿ ದಂಟು ಬಂದೀತು ಎಂದು ಕೇಳಬಹುದು. ಬಾರದು. ಕುಜೋ ನೆಗಿ ತೆಂಡೆ ಒಡೆಯುವ ಗಿಡ. ಕೊಯ್ದಷ್ಟೂ ಚಿಗುರಿ ಬುಡದಲ್ಲಿ ಗುಂಪಾಗುತ್ತದೆ. ದಿನವೂ ಒಂದು ಹಿಡಿ ಸೊಪ್ಪು ಬೇಕಾದ ಹಿತ್ತಲಿಗೆ ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ, ಆದರೆ ಒಂಟಿಯಾಗಿ ದಪ್ಪಗೆ ನಿಲ್ಲುವ ದಂಟು ಅದರ ಸ್ವಭಾವದಲ್ಲಿಲ್ಲ. ಪೂರ್ವದವರು ತೆಂಡೆ ಕಡಿಮೆಯಿರುವ ಗಿಡಗಳನ್ನೇ ತಲೆಮಾರುಗಳ ಕಾಲ ಬೀಜಕ್ಕೆ ಬಿಟ್ಟಿರಬೇಕು. ಈ ಆಯ್ಕೆ ವರ್ಷ ವರ್ಷವೂ ನಡೆಯುವುದಕ್ಕೆ ನೆಗಿಯ ಬೀಜವೇ ಕಾರಣ. ಅದರ ಆಯಸ್ಸು ಬಹಳ ಕಡಿಮೆ. ಸಾಮಾನ್ಯವಾಗಿ ಇಟ್ಟರೆ ಒಂದೆರಡು ವರ್ಷದಲ್ಲಿ ಮೊಳಕೆಯ ಶಕ್ತಿ ಹೋಗುತ್ತದೆ. ಕಣಜದಲ್ಲಿಟ್ಟು ಮರೆಯುವಂತಿಲ್ಲ, ಮತ್ತೆ ಮತ್ತೆ ಹೂಬಿಡಿಸಿ ಹೊಸ ಬೀಜ ಮಾಡಿಕೊಳ್ಳಲೇಬೇಕು. ಪ್ರತಿ ಸಲವೂ ಆ ವರ್ಷದ ಚಳಿಯನ್ನು ದಾಟಿದ ಗಿಡವೇ ತಾಯಿಯಾಗುತ್ತದೆ. ಎದೋ ಕಾಲದಲ್ಲಿ ನಾಕಾಸೆಂಡೋ ಹೆದ್ದಾರಿಯ ಪಕ್ಕದ ತಾಕಿನೋಗಾವಾದಲ್ಲಿ ಬೀಜದಂಗಡಿಗಳ ಸಾಲೇ ಇತ್ತು, ದಾರಿಹೋಕರು ಹಗುರವಾದ ಬೀಜವನ್ನು ಊರಿಗೊಯ್ಯುತ್ತಿದ್ದರು. ಇದು ನನ್ನ ವಾದಕ್ಕೆ ಎದುರಾಗಿ ಕಾಣುತ್ತದೆ. ಆದರೆ ಅಂಗಡಿ ಕೊಟ್ಟದ್ದು ಆರಂಭವನ್ನು ಮಾತ್ರ. ದುಂಬಿ, ಜೇನುಗಳಿಂದ ಬೇಗ ಬೆರಕೆಯಾಗುವ ಈ ಬೆಳೆ, ಕೊಂಡೊಯ್ದ ಊರಿನಲ್ಲಿ ಕೆಲವು ತಲೆಮಾರು ಕಳೆದರೆ ಆ ಊರಿನದೇ ಆಗುತ್ತದೆ.

ಗುನ್ಮಾ ಪ್ರಾಂತದ ಶಿಮೋನಿತಾ ನೆಗಿಯೂ ಹೀಗೆ ತನ್ನ ಊರಿನದೇ ಆದ ತಳಿ. ಕಾಗಾ ಗುಂಪಿನ ಈ ಗಿಡ್ಡ, ದಪ್ಪ ನೆಗಿಗೆ ಬಿತ್ತನೆಯಿಂದ ಕೊಯ್ಲಿಗೆ ಹತ್ತಿರ ಹತ್ತಿರ ಒಂದೂಕಾಲು ವರ್ಷ ಬೇಕು, ನಡುವೆ ಎರಡು ಸಲ ನಾಟಿ. ಹಸಿಯಾಗಿ ಖಾರ, ಬೆಂದರೆ ಬೆಣ್ಣೆಯಂತೆ ಕರಗುವ ಸಿಹಿ. ಸಾಗಣೆಗೆ ಎಷ್ಟು ಖರ್ಚಾದರೂ ಸರಿ, 200 ನೆಗಿಯನ್ನು ಬೇಗ ಕಳಿಸಿ ಎಂದು 1805ರಲ್ಲಿ ಎದೋದಿಂದ ಬಂದ ಪತ್ರದ ಮಾತು ಆ ಊರಿನವರ ಹೆಮ್ಮೆ. ಇಂಥ ಊರಿನ ತಳಿಗಳಿಗೆ ಆಮೇಲೆ ಕಾಲ ಬದಲಾಯಿತು. 1966ರಲ್ಲಿ ತರಕಾರಿ ಪೂರೈಕೆಯನ್ನು ಸ್ಥಿರಗೊಳಿಸುವ ಕಾನೂನು ಬಂದು, ನೆಗಿಯೂ ಅದರ ಮುಖ್ಯ ತರಕಾರಿಗಳ ಪಟ್ಟಿ ಸೇರಿತು. ದೂರದ ಪೇಟೆಗೆ ಒಂದೇ ಉದ್ದ, ಒಂದೇ ದಪ್ಪದ ಮಾಲು ಬೇಕಾದಾಗ ಏಕರೂಪದ ಹೈಬ್ರಿಡ್‌ಗಳು ಮುಂದೆ ಬಂದವು. ಹೈಬ್ರಿಡ್‌ನಿಂದ ಬೆಳೆಗಾರನಿಗಾದ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೀಜ ಮನೆಯಲ್ಲಿ ಹಿಡಿದರೆ ತಾಯಿಯಂತೆ ಬರುವುದಿಲ್ಲ, ಹಾಗಾಗಿ ಆಯ್ಕೆ ಮಾಡುವ ಕೆಲಸವೇ ಹೊಲದಿಂದ ಹೊರಗೆ ಹೋಯಿತು. ಕ್ಯೋಟೋ ಪ್ರಾಂತ 1868ಕ್ಕೂ ಮುಂಚಿನ ತರಕಾರಿಗಳನ್ನು ಸಾಂಪ್ರದಾಯಿಕವೆಂದು ಗುರುತಿಸಿ ಕುಜೋ ನೆಗಿಗೆ ಅದರಲ್ಲಿ ಜಾಗ ಕೊಟ್ಟಿದೆ. ಆದರೆ ಹೆಸರನ್ನು ಪಟ್ಟಿಯಲ್ಲಿ ಬರೆದಿಟ್ಟರೆ ಸಾಲದು: ಒಂದೆರಡು ವರ್ಷ ಯಾರೂ ಹೂಬಿಡಿಸದಿದ್ದರೆ ಮನೆತನಗಳು ಕಾದಿಟ್ಟ ಅದರ ಕವಲುಗಳು ಅಷ್ಟರಲ್ಲೇ ಮುಗಿಯುತ್ತವೆ.