ಕಾಫಿಯ ಬಟ್ಟಲು

ಫ್ರಾನ್ಸಿನ ಅನೇಕ ಮನೆಗಳಲ್ಲಿ ಬೆಳಗಿನ ಹಾಲುಕಾಫಿಯನ್ನು ಹಿಡಿಯಿಲ್ಲದ ಅಗಲವಾದ ಬಟ್ಟಲಿನಲ್ಲಿ ಕುಡಿಯುವ ಪದ್ಧತಿಯುಂಟು. ಬೆಣ್ಣೆ ಸವರಿದ ರೊಟ್ಟಿಯನ್ನು ಅದರಲ್ಲಿ ಅದ್ದಿ ತಿನ್ನುವರು. ಬಟ್ಟಲನ್ನು ಎರಡು ಕೈಗಳಿಂದಲೂ ಎತ್ತಿ ಕುಡಿಯುವರು. ಕಪ್ಪಿಗೆ ಒಗ್ಗಿದವರು ಇದನ್ನು ಒರಟು ನಡತೆಯೆನ್ನಬಹುದು. ಆದರೆ ನಮ್ಮ ಲೋಟಕ್ಕೂ ಹಿಡಿಯಿಲ್ಲವಷ್ಟೆ! ಚರಿತ್ರೆಯನ್ನು ನೋಡಿದರೆ ಕಾಫಿಗೆ ಬಟ್ಟಲೇ ಹಿರಿದು, ಹಿಡಿ ಈಚಿನದು.

1669ರಲ್ಲಿ ತುರ್ಕಿಯ ಸುಲ್ತಾನನ ದೂತನಾದ ಸುಲೇಮಾನ್ ಆಗಾ ಪ್ಯಾರಿಸ್ಸಿನ ಶ್ರೀಮಂತರಿಗೆ ಕಾಫಿಯ ಉಪಚಾರ ಮಾಡಿದನು. ತುರ್ಕರ ಫಿಂಜಾನಿಗಾಗಲಿ, ಚೀನಾದಿಂದ ಬರುತ್ತಿದ್ದ ಪಿಂಗಾಣಿಯ ಪುಟ್ಟ ಬಟ್ಟಲಿಗಾಗಲಿ ಹಿಡಿಯಿರಲಿಲ್ಲ. 1710ರಲ್ಲಿ ಸ್ಯಾಕ್ಸನಿಯ ಮೈಸೆನ್ನಿನಲ್ಲಿ ಪಿಂಗಾಣಿಯ ಕಾರ್ಖಾನೆ ಸ್ಥಾಪಿತವಾಯಿತು. ಆ ಶತಮಾನ ಸಾಗಿದಂತೆ ಯೂರೋಪಿನ ಕಾಫಿಕಪ್ಪಿಗೆ ಹಿಡಿಯು ವಾಡಿಕೆಯಾಯಿತು.

ಬಡವರ ಪಾತ್ರೆ ಮಾತ್ರ ಬೇರೆ. 1780ರ ದಶಕದ ಪ್ಯಾರಿಸ್ಸಿನಲ್ಲಿ ಹೆಂಗಸರು ತಗಡಿನ ಕೊಡವನ್ನು ಬೆನ್ನಿಗೆ ಹೊತ್ತು ಬೀದಿಯ ಮೂಲೆಗಳಲ್ಲಿ ನಿಂತು, ಕೂಲಿಕಾರರಿಗೆ ಎರಡು ಸೂ ಕಾಸಿಗೆ ಹಾಲುಕಾಫಿಯನ್ನು ಮಣ್ಣಿನ ಪಾತ್ರೆಗಳಲ್ಲಿ ಕೊಡುತ್ತಿದ್ದರೆಂದು ಮೆರ್ಸಿಯೇ ಎಂಬ ಲೇಖಕನು ವರ್ಣಿಸಿದ್ದಾನೆ.

ದೂರದೇಶದ ಬೆಳೆ ಕೂಲಿಯವನ ಕೈಗೆ ಎಟುಕಿದುದು ಹೇಗೆ? ಕೆರಿಬಿಯನ್ ಸಮುದ್ರದಲ್ಲಿ ಫ್ರೆಂಚರ ವಸಾಹತಾಗಿದ್ದ ಸಾನ್ ದೊಮಿಂಗಿನ ತೋಟಗಳಲ್ಲಿ ಆಫ್ರಿಕದ ಗುಲಾಮರು ದುಡಿಯುತ್ತಿದ್ದರು. ಲೋಕದ ಕಾಫಿಯಲ್ಲಿ ಸುಮಾರು ಅರ್ಧಭಾಗ ಅಲ್ಲಿಂದಲೇ ಬರುತ್ತಿತ್ತು. 1791ರಲ್ಲಿ ಅವರು ದಂಗೆಯೆದ್ದರು. 1804ರಲ್ಲಿ ಆ ನಾಡು ಹೈಟಿಯೆಂಬ ಸ್ವತಂತ್ರ ರಾಷ್ಟ್ರವಾಯಿತು.

ಬಟ್ಟಲೋ ಕಪ್ಪೋ ಎಂಬುದು ರೂಢಿಯ ಮಾತು. ಪಾತ್ರೆಯ ಆಕಾರದಿಂದ ಸಭ್ಯತೆಯನ್ನು ಅಳೆಯುವ ನಾವು, ಅದರೊಳಗಿನದನ್ನು ಬೆಳೆದ ಕೈಗಳನ್ನೂ ಲೆಕ್ಕಕ್ಕೆ ತರುವುದು ನ್ಯಾಯ.