ಬಾದಾಮಿಯಿಲ್ಲದ ತುರ್ರೋನ್

ಡಿಸೆಂಬರ್ ಬಂತೆಂದರೆ ಸ್ಪೇನಿನ ಎಷ್ಟೋ ಮನೆಗಳಲ್ಲಿ ಹಾಲಿನ ಖಾಲಿ ಟೆಟ್ರಾಪ್ಯಾಕನ್ನು ಯಾರೂ ಎಸೆಯುವುದಿಲ್ಲ. ಅದನ್ನು ತೊಳೆದು ಒಣಗಿಸಿ, ಒಂದು ಮಗ್ಗುಲನ್ನು ಉದ್ದಕ್ಕೂ ಕತ್ತರಿಸಿ ತೆಗೆದರೆ ಒಳಗೆ ಬೆಳ್ಳಗೆ ಹೊಳೆಯುವ ಅಚ್ಚು ಸಿದ್ಧ. ಕರಗಿಸಿದ ಚಾಕೊಲೇಟನ್ನು ಅದರೊಳಗೆ ಎರಡು ಬೆರಳು ದಪ್ಪಕ್ಕೆ ಸುರಿದು ರಾತ್ರಿಯಿಡೀ ತಂಪಾದ ಜಾಗದಲ್ಲಿ ಇಡುತ್ತಾರೆ. ಬೆಳಗ್ಗೆ ಪ್ಯಾಕಿನ ಮೂಲೆಗಳನ್ನು ಹರಿದರೆ, ಅಂಚು ತೀಡಿದ ಉದ್ದನೆಯ ಗಟ್ಟಿಯೊಂದು ಹೊರಗೆ ಜಾರುತ್ತದೆ. ಅದರ ಹೆಸರು ತುರ್ರೋನ್ ದೆ ಚೊಕೊಲಾತೆ. ಬಾದಾಮಿ ಅದರಲ್ಲಿ ಇರಲೇಬೇಕೆಂದಿಲ್ಲ, ಜೇನುತುಪ್ಪವಂತೂ ಇಲ್ಲವೇ ಇಲ್ಲ. ತುರ್ರೋನ್ ಎಂದರೆ ಬಾದಾಮಿ ಮತ್ತು ಜೇನು ಎಂದೇ ನೂರಾರು ವರ್ಷ ತಿಳಿದಿದ್ದ ದೇಶದಲ್ಲಿ, ಅವೆರಡೂ ಇಲ್ಲದ ಈ ತಿನಿಸು ಅದೇ ಹೆಸರಿನಿಂದ ಹಬ್ಬದ ತಟ್ಟೆಯಲ್ಲಿ ಕೂತಿದೆ. ಆ ಹೆಸರು ಅದಕ್ಕೆ ಸಲ್ಲುವಂಥದ್ದೇ ಎಂಬುದು ನನ್ನ ನಿಲುವು.

ಮೊದಲು ಪದದ ಸದ್ದನ್ನು ಕೇಳಬೇಕು. ಸ್ಪೇನಿನವರ ತಕಾರ ನಮ್ಮ ತಕಾರವೇ, ನಾಲಗೆ ಹಲ್ಲಿಗೆ ತಾಗಿ ಹುಟ್ಟುವಂಥದ್ದು. ನಡುವಿನ ರೇಫವನ್ನು ಮಾತ್ರ ನಾಲಗೆಯ ತುದಿ ಅದುರುವಂತೆ ಒತ್ತಿ ನುಡಿಯಬೇಕು. ಹಳಗನ್ನಡ ಓದಿದವರಿಗೆ ಶಕಟರೇಫ ನೆನಪಾದೀತು. ಇಂಗ್ಲಿಷಿನ ಬಾಯಲ್ಲಿ ಸವೆದುಹೋಗುವ ಈ ಎರಡೂ ದನಿಗಳು ಕನ್ನಡದಲ್ಲಿ ನೇರವಾಗಿ ಬರೆದುಕೊಂಡರೆ ಹಾಗೇ ಉಳಿಯುತ್ತವೆ.

ಪದದ ಹುಟ್ಟಿನ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಹೆಚ್ಚು ಜನ ಹಿಡಿಯುವ ದಾರಿ ಹುರಿಯುವ ಕೆಲಸದ ಕಡೆಗೆ ಹೋಗುತ್ತದೆ: ಕತಲಾನ್ ಭಾಷೆಯ ತೊರ್ರಾರ್, ಸ್ಪ್ಯಾನಿಷಿನ ತುರ್ರಾರ್, ಅವುಗಳ ಹಿಂದೆ ಒಣಗಿಸು, ಸುಡು ಎಂಬ ಅರ್ಥದ ಲ್ಯಾಟಿನ್ ತೊರ್ರೇರೆ. ಈ ಲ್ಯಾಟಿನ್ ಧಾತುವೂ ಸಂಸ್ಕೃತದ ತೃಷ್ ಧಾತುವೂ ಒಂದೇ ಇಂಡೋ-ಯುರೋಪಿಯನ್ ಬೇರಿನವು. ಆ ದಾರಿ ಸರಿಯಾದರೆ ನಾವು ಬಾಯಾರಿದಾಗ ಹೇಳುವ ತೃಷೆ, ಬೆಳಗಿನ ತಿಂಡಿಗೆ ಕೇಳುವ ಟೋಸ್ಟ್, ಸ್ಪೇನಿನ ಈ ಸಿಹಿ ಮೂರೂ ದೂರದ ನೆಂಟರು. ನನಗೆ ಈ ವಾದ ಒಪ್ಪಿಗೆಯಾಗುವುದಕ್ಕೆ ಕಾರಣ ಬಾಣಲೆಯಲ್ಲಿದೆ. ಬಾದಾಮಿ ಎಷ್ಟು ಹುರಿಯಿತು ಎಂಬುದರ ಮೇಲೇ ತುರ್ರೋನಿನ ರುಚಿ, ಬಣ್ಣ, ಘಮ ಎಲ್ಲವೂ ನಿಂತಿದೆ.

ಹಳೆಯ ತುರ್ರೋನಿನ ತವರು ಸ್ಪೇನಿನ ಪೂರ್ವ ಕರಾವಳಿಯ ಅಲಿಕಾಂತೆ ಮತ್ತು ಅಲ್ಲಿಂದ ಒಳನಾಡಿನ ಬೆಟ್ಟದತ್ತ ಇರುವ ಹಿಹೋನಾ ಎಂಬ ಊರು. ಅರಬರ ಆಳ್ವಿಕೆಯ ಕಾಲದ ಬಾದಾಮಿ-ಜೇನಿನ ಸಿಹಿಗಳ ಬಳಗಕ್ಕೆ ಇದು ಸೇರಿದ್ದೆಂದು ಹೆಚ್ಚಿನವರು ಹೇಳುತ್ತಾರೆ. 16ನೇ ಶತಮಾನದ ಹೊತ್ತಿಗೆ ಅಲಿಕಾಂತೆಯ ಹೆಸರು ಎಷ್ಟು ಹಬ್ಬಿತ್ತೆಂದರೆ, ನಾಟಕಕಾರ ಲೋಪೆ ದೆ ರುಎದಾ ಬರೆದ ಕಿರುನಾಟಕವೊಂದು ಅಲ್ಲಿನ ತುರ್ರೋನ್ ಕಾಣೆಯಾದ ಗಲಾಟೆಯ ಸುತ್ತಲೇ ನಡೆಯುತ್ತದೆ.

ಅಂಗಡಿಯಲ್ಲಿ ಜನ ಊರ ಹೆಸರನ್ನೂ ಹೇಳುವುದಿಲ್ಲ. 'ಗಟ್ಟಿಯದು', 'ಮೆತ್ತಗಿನದು' ಎಂದರೆ ಸಾಕು. ಗಟ್ಟಿಯದು ಅಲಿಕಾಂತೆಯದು: ಇಡೀ ಬಾದಾಮಿ, ಕಾಯಿಸಿದ ಜೇನು ಮತ್ತು ಸಕ್ಕರೆ, ಮೊಟ್ಟೆಯ ಬಿಳಿ, ಮೇಲೆ ಕೆಳಗೆ ಕಾಗದದಷ್ಟು ತೆಳ್ಳಗಿನ ಹಿಟ್ಟಿನ ಹಾಳೆ. ಮೆತ್ತಗಿನದು ಹಿಹೋನಾದ್ದು. ಅದರ ಕೆಲಸ ಹೆಚ್ಚು. ಹುರಿದ ಬಾದಾಮಿಯನ್ನು ಜೇನಿನ ಪಾಕದಲ್ಲಿ ಕಲಸಿ, ಆರಿದ ಮೇಲೆ ನುಣ್ಣಗೆ ಅರೆಯುತ್ತಾರೆ. ಆ ಮುದ್ದೆ ಬೋಯ್ಶೆತ್ ಎಂಬ ಕಡಾಯಿಗೆ ಹೋಗುತ್ತದೆ. ಬೋಯ್ಶೆತ್ ಅಂದರೆ ಕೆಳಗೆ ಕಾವು ಹಚ್ಚಿದ ನಮ್ಮ ಒರಳು-ಒನಕೆ ಅಂದುಕೊಳ್ಳಿ, ಕುಟ್ಟುವುದು ಯಂತ್ರ. ಗಂಟೆಗಟ್ಟಲೆ ಕುಟ್ಟಿದ ಮೇಲೆ ಬಾದಾಮಿಯ ಎಣ್ಣೆಯೂ ಜೇನೂ ಒಂದಾಗುವ ಹದ ಬರುತ್ತದೆ. ಆ ಹದ ಗುರುತಿಸಲು ಒಬ್ಬ ಅನುಭವಿ ಪಕ್ಕದಲ್ಲೇ ನಿಂತಿರುತ್ತಾನೆ. ಒಳ್ಳೆಯ ಹಿಹೋನಾ ಸುತ್ತಿದ ಕಾಗದಕ್ಕೆ ಎಣ್ಣೆ ಜಿನುಗಿರುತ್ತದೆ. ಅದು ದೋಷವಲ್ಲ, ಬಾದಾಮಿ ಹೇರಳವಾಗಿದೆ ಎಂಬುದರ ಗುರುತು. ಯುರೋಪಿನ ಭೌಗೋಳಿಕ ಸೂಚಕದ ರಕ್ಷಣೆ ಇರುವ ಈ ಎರಡರಲ್ಲಿ, ಮೇಲುದರ್ಜೆಯ ಹಿಹೋನಾದಲ್ಲಿ ಬಾದಾಮಿ ಕನಿಷ್ಠ 64%, ಅಲಿಕಾಂತೆಯದರಲ್ಲಿ 60% ಇರಬೇಕು.

ಈ ತಿನಿಸು ಒಂದು ಋತುವಿನ ಹೆಸರಾದದ್ದು ಹಿಹೋನಾದ ಜನರ ತಿರುಗಾಟದಿಂದ ಎನ್ನಬಹುದು. ಚಳಿಗಾಲ ಶುರುವಾಗುತ್ತಲೇ ಅಲ್ಲಿನ ಕುಟುಂಬಗಳು ಪೆಟ್ಟಿಗೆ ಕಟ್ಟಿಕೊಂಡು ದೂರದ ನಗರಗಳಿಗೆ ಹೋಗಿ, ದೊಡ್ಡ ಮನೆಗಳ ಬಾಗಿಲ ಪಡಸಾಲೆಯನ್ನು ಬಾಡಿಗೆಗೆ ಹಿಡಿದು ತುರ್ರೋನ್ ಮಾರುತ್ತಿದ್ದವು. ಕ್ರಿಸ್‌ಮಸ್ ಮುಗಿದರೆ ಗಂಟುಮೂಟೆ ಕಟ್ಟುತ್ತಿದ್ದವು. ಮ್ಯಾಡ್ರಿಡ್‌ನ ಕಾಸಾ ಮೀರಾ ಅಂಗಡಿಯನ್ನು 1842ರಲ್ಲಿ ತೆರೆದ ಲುಯಿಸ್ ಮೀರಾ ಕೂಡ ಹಿಹೋನಾದವರೇ. ತುರ್ರೋನ್ ಮಾರುವವರು ಬೀದಿಗೆ ಬಂದರೆಂದರೆ ಹಬ್ಬ ಬಂತೆಂದು ತಲೆಮಾರುಗಳ ಜನಕ್ಕೆ ಗೊತ್ತಾಗುತ್ತಿತ್ತು. ಹೀಗೆ ತಿನ್ನುವ ವಸ್ತುವಿನ ಹೆಸರು ತಿನ್ನುವ ಹೊತ್ತಿಗೂ ಅಂಟಿಕೊಂಡಿತು.

ಈ ಹೊಸ ಅರ್ಥ ಇವತ್ತು ಚುರುಕಾಗಿರುವುದು ಫುಟ್‌ಬಾಲ್ ಪುಟಗಳಲ್ಲಿ. ಅಕ್ಟೋಬರ್, ನವೆಂಬರಿನಲ್ಲಿ ತಂಡವೊಂದು ಸಾಲಾಗಿ ಸೋತರೆ, ಅದರ ಕೋಚ್ ತುರ್ರೋನ್ ತಿನ್ನುವುದು ಅನುಮಾನ ಎಂದು ಸ್ಪೇನಿನ ಪತ್ರಿಕೆಗಳು ಬರೆಯುತ್ತವೆ. ಕ್ರಿಸ್‌ಮಸ್‌ವರೆಗೆ ಕೆಲಸ ಉಳಿಯಲಾರದು ಎಂದರ್ಥ. ಇಲ್ಲಿ ಬಾದಾಮಿಯ ಮಾತಿಲ್ಲ, ಜೇನಿನ ಮಾತಿಲ್ಲ. ಕ್ಯಾಲೆಂಡರಿನ ಒಂದು ಹಾಳೆಯ ಮಾತು ಅಷ್ಟೆ.

ಇದಕ್ಕೂ ಹಿಂದೆ, 19ನೇ ಶತಮಾನದಲ್ಲಿ, ಪದ ಇನ್ನೊಂದು ಬೀದಿಯಲ್ಲಿ ಓಡಾಡುತ್ತಿತ್ತು. ಆಗ ತುರ್ರೋನ್ ಎಂದರೆ ಸರ್ಕಾರಿ ಹುದ್ದೆ, ಅಧಿಕಾರಕ್ಕೆ ಬಂದ ಪಕ್ಷ ತನ್ನವರಿಗೆ ಹಂಚುವ ಸವಲತ್ತು. ಎರಡು ಪಕ್ಷಗಳು ಸರದಿಯಂತೆ ಆಳುತ್ತಿದ್ದ ಕಾಲದಲ್ಲಿ ಸರ್ಕಾರ ಬದಲಾದಾಗಲೆಲ್ಲ ಗುಮಾಸ್ತರೂ ಬದಲಾಗುತ್ತಿದ್ದರು. ಹಾಗೆ ಕೆಲಸ ಕಳೆದುಕೊಂಡ ಹಣಕಾಸು ಇಲಾಖೆಯ ಮುದಿ ನೌಕರನೊಬ್ಬನ ಬದುಕನ್ನು ಬೆನಿತೊ ಪೆರೆಸ್ ಗಾಲ್ದೋಸ್ 1888ರ 'ಮಿಯಾವ್' ಕಾದಂಬರಿಯಲ್ಲಿ ಕಟ್ಟಿಕೊಟ್ಟಿದ್ದಾನೆ. ನಿವೃತ್ತಿ ವೇತನಕ್ಕೆ ಇನ್ನು ಎರಡೇ ತಿಂಗಳು ಎನ್ನುವಾಗ ಆ ಮನುಷ್ಯ ಬೀದಿಗೆ ಬೀಳುತ್ತಾನೆ. ಅಂಥವರ ಕಣ್ಣೆದುರು ಇನ್ನೊಬ್ಬರ ತಟ್ಟೆಗೆ ಬೀಳುತ್ತಿದ್ದ ತುರ್ರೋನಿನಲ್ಲಿ ಎಷ್ಟು ಕಹಿ ಇದ್ದಿರಬೇಕು! ಈ ಅರ್ಥ ಈಗ ಬಳಕೆಯಲ್ಲಿ ಅಪರೂಪ, ಆದರೂ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಅದನ್ನು ಬಿಟ್ಟುಕೊಟ್ಟಿಲ್ಲ.

ಈಗ ಚಾಕೊಲೇಟಿಗೆ ಬರೋಣ. ಕೋಕೋ ಮೆಕ್ಸಿಕೋದಿಂದ ಸ್ಪೇನಿಗೆ 16ನೇ ಶತಮಾನದಲ್ಲೇ ಬಂತು. ಆದರೆ ಬಹುಕಾಲ ಅದು ಕುಡಿಯುವ ಪದಾರ್ಥವಾಗಿತ್ತು, ಕಚ್ಚಿ ತಿನ್ನುವ ಹಾಲಿನ ಚಾಕೊಲೇಟ್ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ. ಹಾಗಾಗಿ ಚಾಕೊಲೇಟ್ ತುರ್ರೋನ್ ತೀರ ಹಳೆಯದಲ್ಲ. ಆದರೂ ಅಜ್ಜಿಯರು ಮಾಡುತ್ತಿದ್ದುದನ್ನು ನೋಡಿ ಬೆಳೆದವರು ಈಗ ತಾವೇ ಮಕ್ಕಳನ್ನು ಕೂರಿಸಿಕೊಂಡು ಮಾಡುತ್ತಿದ್ದಾರೆ. ಸಂಪ್ರದಾಯವಾಗಲು ಅಷ್ಟು ಸಾಕು. ಇದಕ್ಕೆ ಮಾದರಿಯಾದದ್ದು ಸ್ವಿಟ್ಜರ್ಲೆಂಡ್ ಮೂಲದ ಸುಶಾರ್ ಕಂಪನಿಯ ಗರಿಗರಿ ತುರ್ರೋನ್. ಮನೆಯಲ್ಲಿ ಮಾಡುವವರೂ 'ಸುಶಾರ್ ಥರದ ತುರ್ರೋನ್' ಎಂದೇ ಹೇಳುತ್ತಾರೆ. ಅದರ ಗರಿಗರಿಗೆ ಕಾರಣ ಬಾದಾಮಿಯಲ್ಲ, ಅರಳಿಸಿದ ಅಕ್ಕಿ.

ಅಳತೆ ಮನೆಯಿಂದ ಮನೆಗೆ ಬೇರೆ. ಸುಮಾರಾಗಿ 250 ಗ್ರಾಂ ಹಾಲಿನ ಚಾಕೊಲೇಟಿಗೆ 150 ಗ್ರಾಂ ಕಪ್ಪು ಚಾಕೊಲೇಟ್, 60 ಗ್ರಾಂ ಹಂದಿಯ ಕೊಬ್ಬು, 80 ಗ್ರಾಂ ಅರಳಿಸಿದ ಅಕ್ಕಿ. ಕೊಬ್ಬು ಎಂದೊಡನೆ ಮುಖ ತಿರುಗಿಸಬೇಡಿ, ಅದಕ್ಕೊಂದು ಕೆಲಸವಿದೆ. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯವರೆಗೆ ಗಟ್ಟಿಯಾಗೇ ಇರುತ್ತದೆ. ಎರಡು ಬೆರಳು ದಪ್ಪದ ಬರೀ ಚಾಕೊಲೇಟ್ ಗಟ್ಟಿಯನ್ನು ಕಚ್ಚಿದರೆ ಹಲ್ಲಿಗೆ ನೋವು. ಬೇರೆ ಜಿಡ್ಡು ಬೆರೆತಾಗ ಕೋಕೋ ಬೆಣ್ಣೆಯ ಹರಳುಗಳು ಮೊದಲಿನಷ್ಟು ಬಿಗಿಯಾಗಿ ಕಟ್ಟಿಕೊಳ್ಳುವುದಿಲ್ಲ. ಚಾಕು ಸರಾಗವಾಗಿ ಇಳಿಯುತ್ತದೆ, ತುಂಡು ಬಾಯಿಗೆ ಬಿದ್ದೊಡನೆ ಕರಗುತ್ತದೆ. ಹಂದಿಕೊಬ್ಬು ಒಲ್ಲದವರು ಸ್ಪೇನಿನಲ್ಲೂ ಕೊಬ್ಬರಿ ಎಣ್ಣೆ ಹಾಕುತ್ತಾರೆ. ನಮ್ಮಲ್ಲಿ ಮಾಡುವುದಾದರೆ ನಾನು ತುಪ್ಪದ ಪರ. ಬೆಣ್ಣೆಯಲ್ಲಿ ನೀರಿನಂಶವಿದೆ, ಕರಗಿದ ಚಾಕೊಲೇಟಿಗೆ ಒಂದಿಷ್ಟು ನೀರು ತಾಗಿದರೂ ಸಕ್ಕರೆಯ ಕಣಗಳು ಒಂದಕ್ಕೊಂದು ಅಂಟಿ ಇಡೀ ಪಾಕ ಮರಳು ಮರಳಾಗಿ ಬಿಗಿದುಕೊಳ್ಳುತ್ತದೆ. ತುಪ್ಪದಲ್ಲಿ ಆ ಭಯವಿಲ್ಲ. ಅಕ್ಕಿಗೆ ನಮ್ಮ ಮಂಡಕ್ಕಿಯೂ ಆದೀತು, ಉಪ್ಪು ಕಡಿಮೆ ಇರುವುದನ್ನು ಆರಿಸಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಬೆರೆಸಬೇಕು. ಚಾಕೊಲೇಟಿನ ಜಿಡ್ಡು ಒಂದೊಂದು ಕಾಳನ್ನೂ ಸುತ್ತಿಕೊಂಡು ಗಾಳಿಯ ತೇವ ತಾಗದಂತೆ ಕಾಯುತ್ತದೆ; ದಿನ ಕಳೆದರೂ ಗರಿಗರಿ ಹೋಗುವುದಿಲ್ಲ. ಪಾತ್ರೆಯನ್ನು ಕುದಿಯುವ ನೀರಿಗೆ ತಾಗಿಸದೆ ಹಬೆಯ ಕಾವಿನಲ್ಲೇ ನಿಧಾನ ಕರಗಿಸುವುದು, ಅಚ್ಚಿಗೆ ಸುರಿದ ಮೇಲೆ ಮೇಜಿಗೆ ನಾಲ್ಕಾರು ಸಲ ತಟ್ಟಿ ಗಾಳಿಗುಳ್ಳೆ ಬಿಡಿಸುವುದು, ಇವೆರಡನ್ನು ಮರೆಯಬಾರದು.

ಇದರಲ್ಲಿ ತುರ್ರೋನ್ ಎನ್ನುವಂಥದ್ದು ಏನಿದೆ ಎಂದು ಹಿಹೋನಾದ ಕುಶಲಿಯೊಬ್ಬ ಕೇಳಿದರೆ ಆತನ ನೋವು ನನಗೆ ಅರ್ಥವಾಗುತ್ತದೆ. ನಿಘಂಟು ಅವನ ಕಡೆಗಿದೆ: ಬಾದಾಮಿ, ಪೈನ್ ಬೀಜ, ಹೇಸಲ್ ಅಥವಾ ಅಕ್ರೋಟನ್ನು ಹುರಿದು ಜೇನು, ಸಕ್ಕರೆಯಲ್ಲಿ ಕಟ್ಟಿದ್ದೇ ತುರ್ರೋನ್ ಎನ್ನುತ್ತದೆ ಅಲ್ಲಿನ ವಿವರಣೆ. ಸರ್ಕಾರ ಮಾತ್ರ 1982ರಲ್ಲಿ ತುರ್ರೋನುಗಳಿಗೆ ನಿಯಮ ಬರೆದಾಗ ಚಾಕೊಲೇಟ್, ಕೊಬ್ಬರಿ, ಮೊಟ್ಟೆಯ ಹಳದಿ ಮುಂತಾದವಕ್ಕೆ 'ಇತರೆ ತುರ್ರೋನುಗಳು' ಎಂಬ ಪಂಗಡವನ್ನು ಮಾಡಿಟ್ಟಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಹಾಲಿನ ಟೆಟ್ರಾಪ್ಯಾಕ್. ಅದೇ ಚಾಕೊಲೇಟನ್ನು ಪುಟ್ಟ ಬಟ್ಟಲಿಗೆ ಸುರಿದರೆ ಬೋನ್‌ಬೋನ್ ಆಗುತ್ತದೆ, ಯಾರೂ ತುರ್ರೋನ್ ಎನ್ನರು. ಉದ್ದನೆಯ ಗಟ್ಟಿಯಾಗಬೇಕು, ಮನೆಮಂದಿಯ ಮುಂದೆ ಅಡ್ಡಡ್ಡಲಾಗಿ ಕೊಯ್ಯಬೇಕು, ಊಟವಾದ ಮೇಲೂ ಏಳದೆ ಕೂತವರ ನಡುವೆ ತಟ್ಟೆ ತಿರುಗಬೇಕು. ಈ ಆಕಾರವನ್ನೂ ಹಂಚುವ ರೀತಿಯನ್ನೂ ಪದ ಹಳೆಯ ಬಾದಾಮಿಯಿಂದ ಕಲಿತು ಚಾಕೊಲೇಟಿಗೆ ಕೊಟ್ಟಿದೆ. ಅದಕ್ಕೇ ನಾನು ಇದನ್ನು ಕಲಬೆರಕೆ ಎನ್ನಲಾರೆ.

ಸಮುದ್ರ ದಾಟಿದ ಕಡೆಯಲ್ಲಂತೂ ಪದ ಇನ್ನೂ ದೂರ ಹೋಗಿದೆ. ಪೆರುವಿನ ಲಿಮಾದಲ್ಲಿ ಅಕ್ಟೋಬರಿನ ದೊಡ್ಡ ಮೆರವಣಿಗೆಯ ದಿನಗಳಲ್ಲಿ ತಿನ್ನುವ ತುರ್ರೋನ್ ದೆ ದೋನ್ಯಾ ಪೆಪಾದಲ್ಲಿ ಸೋಂಪಿನ ವಾಸನೆಯ ಹಿಟ್ಟಿನ ಕಡ್ಡಿಗಳಿರುತ್ತವೆ. ಅವನ್ನು ಹಿಡಿದಿಡುವುದು ಚಂಕಾಕಾ ಎಂಬ ಬೆಲ್ಲದ ಪಾಕ, ಮೇಲೆ ಬಣ್ಣಬಣ್ಣದ ಸಕ್ಕರೆ ಮಿಠಾಯಿ. ಫಿಲಿಪೀನ್ಸಿನಲ್ಲಿ ತುರೋನ್ ಎಂದರೆ ಬಾಳೆಹಣ್ಣಿನ ಸೀಳಿಗೆ ಹಲಸಿನ ತೊಳೆಯ ಎಸಳನ್ನು ಸೇರಿಸಿ, ತೆಳ್ಳನೆಯ ಹಿಟ್ಟಿನ ಹಾಳೆಯಲ್ಲಿ ಸುತ್ತಿ, ಸಕ್ಕರೆ ಕಂದುಬಣ್ಣಕ್ಕೆ ತಿರುಗುವಂತೆ ಎಣ್ಣೆಯಲ್ಲಿ ಕರಿದ ಸಂಜೆಯ ತಿಂಡಿ. ಅದಕ್ಕೆ ಹಬ್ಬದ ಹಂಗೂ ಇಲ್ಲ, ವರ್ಷವಿಡೀ ಬೀದಿಬದಿಯಲ್ಲಿ ಸಿಗುತ್ತದೆ. ಒತ್ತು ರೇಫವೂ ಅಲ್ಲಿ ಸಡಿಲಾಗಿದೆ.

ಸ್ಪೇನಿನಲ್ಲಿ ಜನವರಿ 6ರ ಮೂವರು ರಾಜರ ಹಬ್ಬ ಕಳೆದರೆ ತುರ್ರೋನಿನ ಕಾಲ ಮುಗಿಯಿತು. ಉಳಿದ ತುಂಡುಗಳನ್ನು ಹಾಲು, ಮೊಟ್ಟೆಯ ಜತೆ ಅರೆದು ಪುಡಿಂಗ್ ಮಾಡಿ ಖಾಲಿ ಮಾಡುತ್ತಾರೆ. ಹಿಹೋನಾದ ಜನ ಬೇಸಿಗೆಗೆ ಐಸ್‌ಕ್ರೀಂ ಮಾರಲು ಊರೂರಿಗೆ ಹೊರಡುತ್ತಿದ್ದರು, ಅವರ ಜೊತೆಗೇ ಪದವೂ ಐಸ್‌ಕ್ರೀಂ ಅಂಗಡಿಗಳನ್ನು ಹೊಕ್ಕಿತು. ಜುಲೈ ತಿಂಗಳ ಬಿಸಿಲಲ್ಲಿ ಮಗುವೊಂದು ಅಲ್ಲಿ ಬರಿಯ 'ತುರ್ರೋನ್' ಎಂದು ಕೇಳಿದರೆ ಅಂಗಡಿಯವನು ಚಾಕೊಲೇಟಿನ ಕಡೆ ತಿರುಗುವುದಿಲ್ಲ. ಕೋನಿಗೆ ಹಾಕುವುದು ಹುರಿದ ಬಾದಾಮಿ ಮತ್ತು ಜೇನಿನ ಐಸ್‌ಕ್ರೀಂ.