ಕಾಣಿಕೆಯಾಗಿ ಬಂದ ದೇವರ ಪಟ

ಪೂರ್ವದಲ್ಲಿ ಕಾಲಜ್ಞಾನವು ಮನೆಗೆ ಬರುತ್ತಿದ್ದುದು ಪುರೋಹಿತರ ಬಾಯಿಂದ. ಯುಗಾದಿಯ ದಿನ ಅವರು ಪಂಚಾಂಗವನ್ನು ಬಿಚ್ಚಿ ಸಂವತ್ಸರಫಲವನ್ನು ಓದಿ ಹೇಳುವರು. ಮನೆಯವರು ತಾಂಬೂಲ ದಕ್ಷಿಣೆಗಳನ್ನಿತ್ತು ನಮಸ್ಕರಿಸುವರು. ತಿಥಿಯನ್ನು ತಿಳಿಯಬೇಕಾದವನು ತಿಳಿಸುವವನಿಗೆ ಕಾಣಿಕೆ ಕೊಡುವುದು ಆಗಿನ ಕ್ರಮ. ಬಳಿಕ ವರ್ತಕನೇ ವರ್ಷದ ದಿನಗಳನ್ನೆಲ್ಲ ಒಂದು ಹಾಳೆಯ ಮೇಲೆ ಅಚ್ಚುಹಾಕಿಸಿ, ಮೇಲೊಂದು ದೇವರ ಚಿತ್ರವನ್ನು ಸೇರಿಸಿ, ಗಿರಾಕಿಗಳಿಗೆ ಧರ್ಮಾರ್ಥವಾಗಿ ಹಂಚತೊಡಗಿದನು. ಕೊಡುವವನು ಪಡೆಯುವವನಾದ, ಪಡೆಯುವವನು ಕೊಡುವವನಾದ ಈ ಮಾರ್ಪಾಟು ಸದ್ದಿಲ್ಲದೆ ನಡೆದುಹೋಯಿತು. ಆದರೆ ಅದರ ಗುರುತು ನಮ್ಮ ಗೋಡೆಗಳ ಮೇಲೆಯೇ ಉಳಿದಿದೆ.

ಜಾಹೀರಾತಿಗೂ ದೇವರಿಗೂ ನಂಟು ಬೆಳೆದುದು ಕ್ಯಾಲೆಂಡರಿಗಿಂತ ಹಿಂದೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೆ ಬಣ್ಣದ ಚೀಟಿಗಳನ್ನು ಅಂಟಿಸುತ್ತಿದ್ದರು. ಇಂಗ್ಲಿಷನ್ನು ಓದಲಾರದ ಗಿರಾಕಿಯೂ ತನಗೆ ಬೇಕಾದ ಮಾಲನ್ನು ಗುರುತಿಸಬೇಕಲ್ಲವೆ? ಆದುದರಿಂದ ಆ ಚೀಟಿಗಳಲ್ಲಿ ಗಣಪತಿಯೂ ಲಕ್ಷ್ಮಿಯೂ ಕೃಷ್ಣನೂ ಕಾಣಿಸಿಕೊಂಡರು. ತಮ್ಮ ಕಣ್ಣಿಂದ ಒಂದು ದೇವಸ್ಥಾನವನ್ನೂ ನೋಡದ ಮುದ್ರಣಾಲಯದವರು ಸಮುದ್ರದಾಚೆ ಕುಳಿತು ನಮ್ಮ ದೇವರುಗಳನ್ನು ಅಚ್ಚುಹಾಕಿದರು. ಥಾನು ಹರಿದು ಬಟ್ಟೆಯಾದ ಮೇಲೂ ಚೀಟಿಯನ್ನು ಎಸೆಯಲು ಮನೆಯವರಿಗೆ ಮನಸ್ಸು ಬರಲಿಲ್ಲ. ಮುಂದಿನ ಕಥೆಗೆಲ್ಲ ಬೀಜವಿರುವುದು ಇಲ್ಲಿಯೇ.

ಈ ಬೀಜಕ್ಕೆ ನೀರೆರೆದವರು ರಾಜಾ ರವಿವರ್ಮರು (1848–1906). 1894ರಲ್ಲಿ ಅವರು ಬೊಂಬಾಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಅದು ಬಳಿಕ ಲೋಣಾವಳದ ಸಮೀಪದ ಮಾಳವಲಿಗೆ ಸಾಗಿತು. ಕಲ್ಲಚ್ಚಿನ ಕೆಲಸವು ಸುಲಭದ್ದಲ್ಲ. ಜರ್ಮನಿಯಿಂದ ತರಿಸಿದ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರವನ್ನು ಬರೆದು, ಕಲ್ಲಿಗೆ ನೀರು ಹಚ್ಚಿ, ಆಮೇಲೆ ಬಣ್ಣವನ್ನು ಉರುಳಿಸುವರು. ನೀರಿರುವಲ್ಲಿ ಬಣ್ಣ ನಿಲ್ಲದು, ಜಿಡ್ಡಿರುವಲ್ಲಿ ಮಾತ್ರ ಹಿಡಿಯುವುದು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಸರಸ್ವತಿಯ ಸೀರೆಯಂಚು ಒಂದು ಕಲ್ಲಿನದು, ಕೆನ್ನೆಯ ಕೆಂಪು ಇನ್ನೊಂದರದು. ಹಾಳೆಯು ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿಯು ಗಲ್ಲಕ್ಕೆ ಜಾರುವುದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಮೂಲ ತೈಲಚಿತ್ರಗಳನ್ನು ಕಂಡವರಿಗೆ ಅಚ್ಚಿನ ಪಟವು ಬಡವಾಗಿಯೇ ತೋರೀತು. ಆದರೆ ಅರಮನೆಯ ಬಾಗಿಲನ್ನೂ ದೇವಾಲಯದ ಹೊಸ್ತಿಲನ್ನೂ ದಾಟಲು ಅಪ್ಪಣೆಯಿಲ್ಲದಿದ್ದ ಲಕ್ಷಾಂತರ ಜನರಿಗೆ ದೇವರು ಮೊದಲ ಸಲ ಮುಖ ತೋರಿಸಿದ್ದು ಈ ಕಾಗದದ ಮೇಲೆಯೇ ಎಂಬುದನ್ನು ಮರೆಯಬಾರದು.

ಮುದ್ರಣಾಲಯವು ರವಿವರ್ಮರಿಗೆ ಲಾಭವನ್ನು ತರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ಅವರ ಬಳಿ ಕೆಲಸಕ್ಕಿದ್ದ ಜರ್ಮನಿಯ ಫ್ರಿಟ್ಸ್ ಶ್ಲೈಖರನ ಕೈಸೇರಿತು. ಅವನು ವ್ಯವಹಾರಜ್ಞ. ದೇವರ ಪಟಗಳ ಜೊತೆಗೆ ವ್ಯಾಪಾರಸ್ಥರ ಚೀಟಿಗಳೂ ಕ್ಯಾಲೆಂಡರುಗಳೂ ಅಲ್ಲಿ ಅಚ್ಚಾಗತೊಡಗಿದವು. ಮಕ್ಕಳ ಹೊಟ್ಟೆನೋವಿಗೆ ಕೊಡುವ ವುಡ್‌ವರ್ಡ್ಸ್ ಗ್ರೈಪ್ ವಾಟರಿನವರು ತಮ್ಮ ಕ್ಯಾಲೆಂಡರಿಗೆ ಕೃಷ್ಣನನ್ನೇ ಕರೆತಂದರು. ಬೆಣ್ಣೆ ಕದ್ದು ತಿಂದವನಿಗೆ ಅಜೀರ್ಣದ ಔಷಧಿಯವರು ಆಶ್ರಯ ಕೊಟ್ಟದ್ದು ಅನುಚಿತವೆಂದು ಯಾರೂ ಹೇಳಲಾರರು!

ಕ್ಯಾಲೆಂಡರಿನ ಇನ್ನೊಂದು ತೌರೂರು ತಮಿಳುನಾಡಿನ ಶಿವಕಾಶಿ. ಮಳೆ ಕಡಮೆಯಾದ ಆ ಊರಿನಿಂದ 1922ರಲ್ಲಿ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಎಂಬಿಬ್ಬರು ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ಮಾಡುವ ಕೆಲಸವನ್ನು ಕಲಿತು ಬಂದರು. ಬೆಂಕಿಪೆಟ್ಟಿಗೆಗೆ ಬಣ್ಣದ ಚೀಟಿ ಬೇಕಾಯಿತು. ಚೀಟಿಗಾಗಿ ಮುದ್ರಣಾಲಯ ಬಂದಿತು. ಬಂದ ಯಂತ್ರವು ಸುಮ್ಮನೆ ನಿಲ್ಲಬಾರದಲ್ಲ, ಅದು ಕ್ಯಾಲೆಂಡರನ್ನು ಹಡೆಯಿತು. ಹತ್ತಿರದ ಕೋವಿಲ್‌ಪಟ್ಟಿಯಲ್ಲಿ ನೆಲೆಸಿದ ಸಿ. ಕೊಂಡಯ್ಯ ರಾಜು (1898–1976) ಮತ್ತು ಅವರ ಶಿಷ್ಯರು ಆ ಯಂತ್ರಗಳಿಗೆ ದೇವರುಗಳನ್ನು ಒದಗಿಸಿದರು. ಮದರಾಸಿನ ಕಲಾಶಾಲೆಯಲ್ಲಿ ಕಲಿತ ರಾಜುಗಳು ನಾಟಕದ ಕಂಪನಿಗಳಿಗೆ ಪರದೆ ಬರೆದವರು. ಕ್ಯಾಲೆಂಡರಿನ ಮುರುಗನ ಹಿಂದಿರುವ ಬೆಟ್ಟಗಳೂ ಮೋಡಗಳೂ ರಂಗಸ್ಥಳದ ಪರದೆಯನ್ನು ನೆನಪಿಗೆ ತರುವುದು ಆಕಸ್ಮಿಕವಲ್ಲ.

ಅಲ್ಲಿಯ ವ್ಯವಹಾರದ ಕ್ರಮವು ಕುತೂಹಲಕರವಾದುದು. ಬರುವ ವರ್ಷದ ಮಾದರಿಗಳ ಪುಸ್ತಕವು ಆಡಿ ತಿಂಗಳ ಹದಿನೆಂಟರ ಹಬ್ಬದಂದು, ಎಂದರೆ ಆಗಸ್ಟಿನ ಆರಂಭದಲ್ಲಿಯೇ, ಪೂಜೆಗೊಂಡು ಹೊರಬೀಳುವುದು. ಮಧ್ಯವರ್ತಿಗಳು ಅದನ್ನು ಹಿಡಿದು ಊರೂರು ತಿರುಗುವರು. ಚಿತ್ರವು ಸಾವಿರಗಟ್ಟಲೆ ಒಮ್ಮೆಗೇ ಅಚ್ಚಾಗಿ ಸಿದ್ಧವಿರುವುದು. ಕೆಳಗಿನ ಬರಿಯ ಜಾಗದಲ್ಲಿ ಮಾತ್ರ ಬೇಡಿಕೆ ಬಂದಂತೆ ಅಂಗಡಿಯ ಹೆಸರನ್ನು ಒತ್ತುವರು. ಹೀಗಾಗಿ ಒಂದೇ ಗಜಲಕ್ಷ್ಮಿಯು ಒಂದೂರಿನಲ್ಲಿ ಚಿನ್ನದ ವ್ಯಾಪಾರಿಗೂ ಮತ್ತೊಂದೂರಿನಲ್ಲಿ ಗೊಬ್ಬರದಂಗಡಿಗೂ ಒಲಿದಿರುತ್ತಾಳೆ. ದೀಪಾವಳಿಯ ಲಕ್ಷ್ಮೀಪೂಜೆಯ ಹೊತ್ತಿಗೆ ಸುರುಳಿ ಸುತ್ತಿದ ಹಾಳೆಗಳು ಅಂಗಡಿಯನ್ನು ಸೇರಿದರೆ ಸಾಹುಕಾರನಿಗೆ ಸಮಾಧಾನ. ಬಂಗಾಳದಲ್ಲಿ ಇದೇ ಕಾರ್ಯವು ವೈಶಾಖದ ಮೊದಲ ದಿನದ ಹೊಸ ಲೆಕ್ಕದ ಪೂಜೆಯಲ್ಲಿ ನಡೆಯುವುದು. ಹಳೆಯ ಬಾಕಿ ತೀರಿಸಲು ಬಂದ ಗಿರಾಕಿಗೆ ಮಿಠಾಯಿಯ ಪೊಟ್ಟಣದೊಡನೆ ಕ್ಯಾಲೆಂಡರೂ ದೊರೆಯುವುದು.

ಕನ್ನಡಿಗರು ಇಲ್ಲಿ ನೆನೆಯಲೇಬೇಕಾದ ಹೆಸರು ಎಸ್. ಎಂ. ಪಂಡಿತರದು (1916–1993). ನಿಜಾಮರ ಆಳಿಕೆಯ ಕಲಬುರ್ಗಿಯಲ್ಲಿ ಹುಟ್ಟಿ, ಮದರಾಸಿನಲ್ಲಿಯೂ ಬೊಂಬಾಯಿಯಲ್ಲಿಯೂ ಕಲೆಯನ್ನು ಅಭ್ಯಾಸಮಾಡಿದ ಅವರು ಚಲಚ್ಚಿತ್ರಗಳ ಭಿತ್ತಿಪತ್ರಗಳಿಂದ ತೊಡಗಿ ಕ್ಯಾಲೆಂಡರಿಗೆ ಬಂದರು. ಅವರ ಪುರಾಣಪುರುಷರ ಮೈಯಲ್ಲಿ ಮಾಂಸಖಂಡಗಳುಂಟು, ನೆರಳುಬೆಳಕುಂಟು. ವಿಶ್ವಾಮಿತ್ರ ಮೇನಕೆಯರು ಬೆಳ್ಳಿತೆರೆಯ ದೀಪದಲ್ಲಿ ನಿಂತಂತೆ ಹೊಳೆಯುತ್ತಾರೆ. ಇಂಥ ಕೆಲಸಕ್ಕೆ ವಿಮರ್ಶಕರು ಕೊಟ್ಟ ಹೆಸರು 'ಕ್ಯಾಲೆಂಡರ್ ಕಲೆ'. ಆ ಮಾತು ಬೈಗುಳವಾಗಿಯೇ ಬಳಕೆಗೆ ಬಂದಿತು. ಬೈಗುಳದಲ್ಲಿ ಸತ್ಯಾಂಶವೇ ಇಲ್ಲವೆನ್ನಲಾಗದು. ಮೆಚ್ಚಿಕೆಯಾದ ಮುಖವನ್ನೇ ಮತ್ತೆ ಮತ್ತೆ ಬರೆಯಿಸುವ ವರ್ತಕನ ಹಟವು ಎಷ್ಟೋ ಕೈಗಳನ್ನು ಕೆಡಿಸಿದೆ. ಆದರೂ ಪಂಡಿತರ ಕುಂಚಕ್ಕೂ ಅದನ್ನು ನಕಲುಮಾಡಿದವರ ಕುಂಚಕ್ಕೂ ಒಂದೇ ತೀರ್ಪನ್ನು ಕೊಟ್ಟದ್ದು ವಿಮರ್ಶೆಯಲ್ಲ, ಸೋಮಾರಿತನ. ಚಿತ್ರಶಾಲೆಯ ಗೋಡೆಗೆ ಬಂದ ಚಿತ್ರವನ್ನು ಸಾವಿರ ಜನ ನೋಡಿಯಾರು. ಇವರ ಚಿತ್ರದ ಕೆಳಗೆ ಮನೆಮನೆಗಳಲ್ಲಿ ವರ್ಷವಿಡೀ ದೀಪ ಉರಿದಿದೆ. ಹಾಳೆಯಲ್ಲಿ ಎದ್ದುಕಾಣುವ ಹೆಸರು ಮಾತ್ರ ಅಂಗಡಿಯದು.

ಇನ್ನು ದಿನಗಳ ವಿಷಯ. ಗಿರಾಕಿಗೆ ಚಿತ್ರವೆಷ್ಟು ಮುಖ್ಯವೋ ಅದರ ಕೆಳಗಣ ಮನೆಗಳೂ ಅಷ್ಟೇ ಮುಖ್ಯ. ಸ್ಮಾರ್ತರ ಏಕಾದಶಿ ಒಂದು ದಿನ, ಮಾಧ್ವರದು ಮರುದಿನ; ಘಟ್ಟದ ಮೇಲೆ ಚಾಂದ್ರಮಾನ, ತುಳುನಾಡಿನಲ್ಲಿ ಸೌರಮಾನ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಸಮಿತಿಯು ದೇಶದಲ್ಲಿ ಮೂವತ್ತರಷ್ಟು ಪಂಚಾಂಗಗಳು ಬಳಕೆಯಲ್ಲಿದ್ದುದನ್ನು ಕಂಡಿತು. ಅದರ ಸಲಹೆಯಂತೆ 1957ರ ಮಾರ್ಚ್ 22ರಂದು ಶಕವರ್ಷ 1879ರ ಚೈತ್ರ ಮೊದಲಾಗಿ ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂದಿತು. ಸರಕಾರದ ಕಾಗದಗಳು ಅದನ್ನು ಒಪ್ಪಿದವು, ಅಡಿಗೆಮನೆ ಒಪ್ಪಲಿಲ್ಲ. ಅಲ್ಲಿ ಸಂಕಷ್ಟಿಯ ಗುರುತಿನ ಪಕ್ಕದಲ್ಲಿಯೇ ಹಾಲಿನವನು ಬಾರದ ದಿನಗಳ ಗೀಟುಗಳಿರುತ್ತಿದ್ದವು; ಹೆರಿಗೆಯ ಲೆಕ್ಕವೂ ಶ್ರಾದ್ಧದ ತಿಥಿಯೂ ಒಂದೇ ಪೆನ್ಸಿಲಿನಿಂದ ಬರೆಯಲ್ಪಡುತ್ತಿದ್ದವು.

1973ರಲ್ಲಿ ಜಯಂತ ಸಾಳಗಾಂವಕರರು ಬೊಂಬಾಯಿಯಲ್ಲಿ ಹೊರಡಿಸಿದ 'ಕಾಲನಿರ್ಣಯ'ವು ಚಿತ್ರವನ್ನು ನೆಚ್ಚದೆ ತಿಥಿ ಮುಹೂರ್ತಗಳ ವಿವರವನ್ನೇ ನೆಚ್ಚಿತು. ಜನರು ಅದನ್ನು ಹಣಕೊಟ್ಟು ಕೊಂಡರು. ಕನ್ನಡದಲ್ಲಿಯೂ ಅದು ಬಂದಿತು. ಪುರೋಹಿತರ ದಕ್ಷಿಣೆಯು ಹೊಸ ರೂಪದಲ್ಲಿ ಮರಳಿದಂತಾಯಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರದ ಅರ್ಥಖಾತೆಯು ತನ್ನ ಇಲಾಖೆಗಳೂ ಉದ್ಯಮಗಳೂ ಬ್ಯಾಂಕುಗಳೂ ಕ್ಯಾಲೆಂಡರು ಡೈರಿಗಳನ್ನು ಅಚ್ಚುಹಾಕಿಸಕೂಡದೆಂದು ಆಜ್ಞೆ ಮಾಡಿತು. ಶಿವಕಾಶಿಯ ಕೆಲಸಗಾರರಿಗೆ ಅದು ಸಣ್ಣ ಸುದ್ದಿಯಾಗಿರಲಿಲ್ಲ.

ಅಂಗಡಿಯವನು ಇಂದಿಗೂ ಸುರುಳಿಯನ್ನು ಕೊಡುತ್ತಾನೆ, ಮನೆಯವರು ಇಂದಿಗೂ ಅದನ್ನು ಕಣ್ಣಿಗೊತ್ತಿಕೊಂಡು ಬಿಚ್ಚುತ್ತಾರೆ. ವರ್ಷ ಮುಗಿದೊಡನೆ ದಿನಗಳ ಭಾಗವನ್ನು ಕತ್ತರಿಸಿ, ಮೇಲಿನ ಚಿತ್ರಕ್ಕೆ ಕಟ್ಟುಹಾಕಿಸುವರು. ಚೌಕಟ್ಟಿನವನು ಜಾಣನಾದರೆ ಅಂಗಡಿಯ ಹೆಸರನ್ನು ಮರದಂಚಿನೊಳಗೆ ಮಡಿಸುವನು. ಇಲ್ಲವಾದರೆ ಅದು ದೇವಿಯ ಪಾದದ ಕೆಳಗೆ ಹಾಗೆಯೇ ಉಳಿದು ಪ್ರತಿದಿನವೂ ಕುಂಕುಮವನ್ನು ಪಡೆಯುವುದು. ಬಣ್ಣ ಮಾಸಿ ಕಾಗದ ಜೀರ್ಣವಾದಾಗಲೂ ಅದನ್ನು ಕಸಕ್ಕೆ ಹಾಕುವವರಿಲ್ಲ. ಊರ ಹೊರಗಿನ ಅಶ್ವತ್ಥಕಟ್ಟೆಯ ಮೇಲೆ ನಾಗರಕಲ್ಲುಗಳಿಗೆ ಒರಗಿಸಿಟ್ಟು, ಕೈಮುಗಿದು, ಹಿಂತಿರುಗಿ ನೋಡದೆ ಬರುತ್ತಾರೆ.